ಗೆರಟೆಯೊಳಗೊಂದು ‘ಎಂತಕ್ಕೆ?’

ಡಿಸೆಂಬರಿನಲ್ಲಿ ಇಚಿಲಂಪಾಡಿಯ ರಬ್ಬರ್ ತೋಟಗಳಿಗೆ ಬೆಳಕಿಗಿಂತ ಮೊದಲು ಟ್ಯಾಪಿಂಗಿನವರು ಬರುತ್ತಾರೆ. ತಲೆಗೆ ಟಾರ್ಚು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಿ ತೊಗಟೆಯನ್ನು ಓರೆಯಾಗಿ ಕೆತ್ತುತ್ತಾರೆ. ಕೆತ್ತಿದ ಗೀರಿನಲ್ಲಿ ಜಿನುಗಿದ ಹಾಲು ಇಳಿದಿಳಿದು ಗೆರಟೆಗೆ ತೊಟ್ಟಿಕ್ಕುತ್ತದೆ. ಬಿಸಿಲೇರಿದ ಮೇಲೆ ಕೆತ್ತಿದರೆ ಹಾಲು ಕಡಿಮೆ ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ರಾತ್ರಿಯಿಡೀ ನೀರು ಕುಡಿದ ಮರದ ಹಾಲುನಾಳಗಳಲ್ಲಿ ಬೆಳಗಿನ ಜಾವ ಒತ್ತಡ ಹೆಚ್ಚು. ಬಿಸಿಲಿಗೆ ಎಲೆಗಳಿಂದ ನೀರು ಆರತೊಡಗಿದಂತೆ ಅದು ಇಳಿಯುತ್ತದೆ.

ಆವತ್ತು ಒಂಬತ್ತೂವರೆಗೆ ಹಾಲು ಎತ್ತಿ ತಂದು, ಸೋಸಿ, ನೀರು ಬೆರೆಸಿ ಅಲ್ಯೂಮಿನಿಯಂ ಡಿಶ್ಶುಗಳಿಗೆ ಹೊಯ್ದಾಗಿತ್ತು. ಇನ್ನು ಏಸಿಡ್ ಹಾಕಿ ಕಲಸಿ ನೊರೆ ತೆಗೆಯಬೇಕು. ಪಕ್ಕದ ಮನೆಯ ಹುಡುಗಿ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದಳು. ನಾಲ್ಕನೆಯ ತರಗತಿ. ಅವಳ ಮುತ್ತಜ್ಜನ ಕಾಲದಲ್ಲಿ ತಿರುವಾಂಕೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬ. ಮನೆಯಲ್ಲಿ ಮಲಯಾಳ, ನಮ್ಮಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನ್ನೊಡನೆ ಇವು ಮೂರೂ ಕಲಸಿದ ಒಂದು ಭಾಷೆ.

“ಮಾಮ, ಇದಕ್ಕೂ ಹೆಪ್ಪು ಹಾಕುವುದಾ?”

“ಹೆಪ್ಪಲ್ಲ ಮಗಾ, ಏಸಿಡ್.”

“ಮತ್ತೆ ಎಂತಕ್ಕೆ ಮೊಸರಿನ ಹಾಗೆ ಆಗುವುದು?”

“ಏಸಿಡ್ ಹಾಕಿದ್ದಕ್ಕೆ.”

ಅವಳು ಸುಮ್ಮನಾದಳು. ನಾನು ಡಿಶ್ಶುಗಳ ಕಡೆ ತಿರುಗಿದೆ. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಸಂಜೆ ಐದಕ್ಕೆ ಅವಳು ಒಂದು ಗೆರಟೆ ಹಿಡಿದುಕೊಂಡು ಬಂದಳು. ಒಳಗೆ ದನದ ಹಾಲು, ಲಿಂಬೆಹುಳಿ ಹಿಂಡಿ ಒಡೆಸಿದ್ದು. “ನೋಡಿ ಮಾಮ, ಹುಳಿ ಹಾಕಿದರೆ ಇದೂ ಆಯ್ತು. ಎರಡೂ ಒಂದೇನಾ?”

ಆ ರಾತ್ರಿ ನಾನು ಪುಸ್ತಕ ತೆಗೆದು ನೋಡಬೇಕಾಯಿತು. ಎರಡೂ ಬೇರೆ ವಸ್ತುಗಳು, ಆದರೆ ಗಟ್ಟಿಯಾಗುವ ಕ್ರಮ ಒಂದೇ ಜಾತಿಯದು. ರಬ್ಬರ್ ಹಾಲಿನಲ್ಲಿ ತೇಲುವ ಕಣಗಳ ಮೈಮೇಲೆ ಪ್ರೋಟೀನಿನ ತೆಳುವಾದ ಹೊದಿಕೆಯಿದೆ. ಅದರ ಮೇಲೆ ಋಣ ವಿದ್ಯುದಂಶ. ಒಂದನ್ನೊಂದು ದೂರ ತಳ್ಳುತ್ತಿರುವುದರಿಂದಲೇ ಕಣಗಳು ಅಂಟಿಕೊಳ್ಳದೆ ತೇಲುತ್ತಿರುತ್ತವೆ. ದನದ ಹಾಲಿನ ಕೇಸೀನ್ ಕಣಗಳದ್ದೂ ಅದೇ ಕಥೆ. ಹುಳಿ ಬಿದ್ದಾಗ ಆ ವಿದ್ಯುದಂಶ ಅಳಿಯುತ್ತದೆ, ತಳ್ಳಾಟ ನಿಲ್ಲುತ್ತದೆ, ಕಣಗಳು ಕೂಡಿಕೊಳ್ಳುತ್ತವೆ. ಮೊಸರಿಗೆ ಹುಳಿ ಕೊಡುವುದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ. ಮರದ ಬುಡದಲ್ಲಿ ಚೆಲ್ಲಿದ ರಬ್ಬರ್ ಹಾಲು ಯಾರೂ ಏಸಿಡ್ ಹಾಕದೆಯೂ ಗಟ್ಟಿಯಾಗಿ ಸ್ಕ್ರ್ಯಾಪ್ ಆಗುವುದರಲ್ಲಿಯೂ ಬ್ಯಾಕ್ಟೀರಿಯಾದ ಕೈವಾಡವಿದೆ. ಮೂವತ್ತು ವರ್ಷ ಡಿಶ್ಶಿಗೆ ಏಸಿಡ್ ಹೊಯ್ದ ನನಗೆ ಇದು ಗೊತ್ತಿರಲಿಲ್ಲ. ‘ಹೆಪ್ಪು’ ಎಂಬ ಅವಳ ಮಾತೇ ಸರಿಯಿತ್ತು.

ಇಷ್ಟನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಆ ವಾರವೇ ಅವಳಮ್ಮ ಅವಳ ಪ್ರಗತಿ ಪತ್ರ ತಂದು ತೋರಿಸಿದರು. ಯಾವ ಶಾಲೆ ಎಂಬುದು ಇಲ್ಲಿ ಬೇಡ. ಅಂಕಗಳು ಸಾಧಾರಣ. ಷರಾದಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ತರಗತಿಯಲ್ಲಿ ಪ್ರಶ್ನೆ ಕೇಳುವುದಿಲ್ಲ. ಕುತೂಹಲ ಬೆಳೆಸಿಕೊಳ್ಳಬೇಕು.’

ಬರೆದ ಶಿಕ್ಷಕರು ಸುಳ್ಳು ಬರೆದಿಲ್ಲ. ಅವರು ಕಂಡದ್ದನ್ನೇ ಬರೆದಿದ್ದಾರೆ. ಹಾಗಾದರೆ ಬೆಳಗಿನಿಂದ ಸಂಜೆಯವರೆಗೆ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡಿದ್ದವಳು ಯಾರು?

ಮಕ್ಕಳ ಕುತೂಹಲವನ್ನು ಅಳೆಯಬಹುದೇ ಎಂಬುದು ಮನಶ್ಶಾಸ್ತ್ರದವರು ಬಹುಕಾಲದಿಂದ ಹೆಣಗುತ್ತಿರುವ ವಿಷಯ. 1954ರಲ್ಲಿ ಡೇನಿಯಲ್ ಬರ್ಲಿನ್ ಕುತೂಹಲದಲ್ಲಿ ಎರಡು ಬಗೆ ಗುರುತಿಸಿದರು. ಹೊಸತು ಕಂಡಾಗ ಕಣ್ಣು ಕಿವಿ ಅತ್ತ ಎಳೆಯುವುದು ಒಂದು, ತಿಳಿದೇ ತೀರಬೇಕೆಂದು ಮನಸ್ಸು ಕೊರೆಯುವುದು ಇನ್ನೊಂದು. 1994ರಲ್ಲಿ ಜಾರ್ಜ್ ಲೋವೆನ್‌ಸ್ಟೀನ್ ಹೇಳಿದ ಮಾತು ಇನ್ನೂ ಸರಳ: ಗೊತ್ತಿರುವುದಕ್ಕೂ ಗೊತ್ತಾಗಬೇಕೆನಿಸುವುದಕ್ಕೂ ನಡುವೆ ಒಂದು ಖಾಲಿ ಕಂಡಾಗ ಹುಟ್ಟುವ ಚಡಪಡಿಕೆಯೇ ಕುತೂಹಲ. ಅಂದರೆ ಏನೂ ಗೊತ್ತಿಲ್ಲದವನಿಗೆ ಆ ಖಾಲಿ ಕಾಣುವುದೂ ಇಲ್ಲ. ಅಜ್ಜಿ ಮೊಸರಿಗೆ ಹೆಪ್ಪು ಹಾಕುವುದನ್ನು ನೋಡಿರದಿದ್ದರೆ ಆ ಹುಡುಗಿಗೆ ಡಿಶ್ಶಿನ ಮುಂದೆ ಪ್ರಶ್ನೆ ಏಳುತ್ತಿರಲಿಲ್ಲ.

ಅಳೆಯುವುದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಪ್ರಶ್ನಾವಳಿ. ‘ನಿಮ್ಮ ಮಗು ಹೊಸದನ್ನು ಕಲಿಯಲು ಉತ್ಸಾಹ ತೋರಿಸುತ್ತದೆಯೇ? ಯಾವಾಗಲೂ, ಆಗಾಗ, ಅಪರೂಪಕ್ಕೆ’ ಎಂಬಂಥವು. ಇದನ್ನು ಪೂರಾ ತಳ್ಳಿಹಾಕುವಂತಿಲ್ಲ. 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯೆ ಪ್ರಾಚಿ ಶಾ ಮತ್ತು ಸಂಗಡಿಗರು ಸುಮಾರು 6,200 ಪುಟ್ಟ ಮಕ್ಕಳ ಬಗ್ಗೆ ತಂದೆತಾಯಿ ಕೊಟ್ಟ ಇಂಥ ಉತ್ತರಗಳನ್ನು ಆ ಮಕ್ಕಳ ಓದು, ಲೆಕ್ಕಗಳ ಜೊತೆ ಇಟ್ಟು ನೋಡಿದರು. ಕುತೂಹಲ ಹೆಚ್ಚಿದ್ದವರ ಕಲಿಕೆಯೂ ಚೆನ್ನಾಗಿತ್ತು. ಬಡ ಮನೆಗಳ ಮಕ್ಕಳಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿತ್ತು. ಇದು ಸಣ್ಣ ಸಂಗತಿಯಲ್ಲ. ಆದರೆ ಪ್ರಶ್ನಾವಳಿ ತುಂಬುವುದು ದೊಡ್ಡವರು. ದೊಡ್ಡವರ ಕಣ್ಣಿಗೆ ಬಿದ್ದ ಕುತೂಹಲವಷ್ಟೇ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಒಂದು ಆಟ. ಜೇಮಿ ಜಿರೂಟ್ ಮತ್ತು ಡೇವಿಡ್ ಕ್ಲಾರ್ ಎಂಬ ಸಂಶೋಧಕರು ಮಾಡಿದ್ದು. ಕಂಪ್ಯೂಟರಿನ ಪರದೆಯಲ್ಲಿ ಮಗು ಜಲಾಂತರ್ಗಾಮಿಯೊಳಗೆ ಕೂತಿರುತ್ತದೆ. ಎದುರಿಗೆ ಮುಚ್ಚಿದ ಎರಡು ಕಿಟಕಿ. ಒಂದರ ಹೊರಗೆ ಯಾವ ಮೀನಿದೆ ಎಂದು ಮೊದಲೇ ಗೊತ್ತು. ಇನ್ನೊಂದರ ಹೊರಗೆ ಇರುವುದು ಈ ಕೆಲವು ಮೀನುಗಳಲ್ಲಿ ಯಾವುದೋ ಒಂದು. ಕೆಲವು ಸಲ ಅಷ್ಟು ಸುಳಿವೂ ಇಲ್ಲ. ಯಾವ ಕಿಟಕಿ ತೆರೆಯುತ್ತೀ? ಮಗು ಎಷ್ಟರ ಮಟ್ಟಿನ ಅನಿಶ್ಚಯವನ್ನು ತಾನಾಗಿ ಆರಿಸಿಕೊಳ್ಳುತ್ತದೆ ಎಂಬುದೇ ಅಳತೆ. ಮಾತು ಬೇಕಿಲ್ಲ, ಭಾಷೆ ಬೇಕಿಲ್ಲ, ಟೀಚರ ಮುಂದೆ ಕೈ ಎತ್ತಬೇಕಿಲ್ಲ. 2012ರಲ್ಲಿ ಅವರು ಬರೆದ ಲೇಖನ ಓದುವಾಗ ನನಗೆ ಕಣ್ಣೆದುರಿಗೆ ಬಂದದ್ದು ನಮ್ಮ ಗುಂಡ್ಯ ಹೊಳೆ. ಪೆರಿಯಶಾಂತಿಯಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಇಚಿಲಂಪಾಡಿಯ ಸೇತುವೆ ಸಿಗುತ್ತದಲ್ಲ, ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಅದರ ಕೆಳಗೆ ಒಂದು ಗಂಟೆ ಕೂತು ನೋಡಬೇಕು. ತಳ ಕಾಣುವ ನೀರಿನಲ್ಲಿ ಮರಿಮೀನು ಹಿಡಿಯುವ ಮಕ್ಕಳು ಕೆಲವರು. ಆಳದ, ಕಪ್ಪಗಿನ ಗುಂಡಿಯ ಅಂಚಿಗೇ ಹೋಗಿ ಬಗ್ಗಿ ನೋಡುವವರು ಕೆಲವರು. ಹಾಗೆ ಬಗ್ಗಿದ್ದಕ್ಕೆ ನಮ್ಮಮ್ಮನ ಕೈಯಲ್ಲಿ ಪೆಟ್ಟು ತಿಂದವನು ನಾನು.

ಇನ್ನು ಪ್ರಶ್ನೆಗಳನ್ನೇ ಎಣಿಸುವ ದಾರಿ. ಬ್ರಿಟನ್ನಿನ ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ 1984ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ನಾಲ್ಕು ವರ್ಷದ ಆಸುಪಾಸಿನ 30 ಹುಡುಗಿಯರ ಉಡುಪಿಗೆ ಸಣ್ಣ ಮೈಕು ಅಳವಡಿಸಿ, ಮನೆಯಲ್ಲೂ ಶಿಶುವಿಹಾರದಲ್ಲೂ ಅವರಾಡಿದ ಮಾತನ್ನೆಲ್ಲ ಧ್ವನಿಮುದ್ರಿಸಿಕೊಂಡಿದ್ದರು. ಅರ್ಧದಷ್ಟು ಮಕ್ಕಳು ಕೂಲಿ ಕಾರ್ಮಿಕರ ಮನೆಯವರು. ಮನೆಯಲ್ಲಿ ಅಮ್ಮನ ಜೊತೆ ಇದ್ದಾಗ ಒಂದು ಮಗು ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳಿತ್ತು. ಶಿಶುವಿಹಾರದಲ್ಲಿ ಅದೇ ಮಗು ಕೇಳಿದ್ದು ಗಂಟೆಗೆ ಎರಡು.

ಅದೇ ಮಗು. ಈ ಎರಡು ಅಂಕೆಗಳನ್ನು ಓದಿದಾಗಿನಿಂದ ಅವು ನನ್ನನ್ನು ಬಿಟ್ಟಿಲ್ಲ.

ಆ ಪುಸ್ತಕದಲ್ಲಿ ಕಿಟಕಿ ಒರೆಸುವವನ ಪ್ರಸಂಗವೊಂದಿದೆ. ಅಮ್ಮ ಅವನಿಗೆ ದುಡ್ಡು ಕೊಟ್ಟದ್ದನ್ನು ನೋಡಿದ ಹುಡುಗಿ ಕೇಳುತ್ತಾಳೆ, ಅವನಿಗೆ ದುಡ್ಡು ಯಾಕೆ ಎಂದು. ಉತ್ತರ ಬಂದರೂ ಬಿಡದೆ ಮತ್ತೆ ಮತ್ತೆ ಅದೇ ಕಡೆಗೆ ಬರುತ್ತಾಳೆ. ದುಡಿದವನಿಗೆ ದುಡ್ಡು ಎಂಬ ಲೋಕದ ವ್ಯವಹಾರವನ್ನು ತನ್ನ ತಲೆಯೊಳಗೆ ಕೂಡಿಸಿಕೊಳ್ಳುವವರೆಗೆ ಅವಳಿಗೆ ಸಮಾಧಾನವಿಲ್ಲ. ಇಂಥ ಪ್ರಶ್ನೆಗಳ ಸರಪಳಿಗಳೇ ನಿಜವಾದ ಬೌದ್ಧಿಕ ಹುಡುಕಾಟ ಎಂದು ಟಿಜಾರ್ಡ್ ಮತ್ತು ಹ್ಯೂಸ್ ಗುರುತಿಸಿದರು. ಆ ಸರಪಳಿಗಳು ಮನೆಯಲ್ಲಿ ಸಿಕ್ಕವು, ಶಿಶುವಿಹಾರದಲ್ಲಿ ಸಿಗಲಿಲ್ಲ. ಕಾರ್ಮಿಕರ ಮಕ್ಕಳು ಟೀಚರ ಎದುರು ಇನ್ನಷ್ಟು ಮುದುರಿಕೊಂಡದ್ದರಿಂದ ಆ ಮಕ್ಕಳಿಗೆ ಮಾತೇ ಕಡಿಮೆ ಎಂದು ಶಾಲೆಯವರು ತಿಳಿದಿದ್ದರು. ಅಮೆರಿಕದಲ್ಲಿ ಸೂಸನ್ ಎಂಗೆಲ್ ಶಾಲಾ ಕೊಠಡಿಗಳಲ್ಲಿ ಕೂತು ನೋಡಿದಾಗಲೂ ಕಂಡದ್ದು ಹೆಚ್ಚುಕಡಿಮೆ ಇದೇ: ಐದನೆಯ ತರಗತಿಯ ಮಕ್ಕಳು ಎರಡೆರಡು ಗಂಟೆ ಒಂದೇ ಒಂದು ಪ್ರಶ್ನೆ ಕೇಳದೆ ಕಳೆದುಬಿಡುತ್ತಿದ್ದರು.

ನಮ್ಮ ಕಡೆಯ ತರಗತಿಗೆ ಇದನ್ನು ತಂದು ನೋಡೋಣ. ಕಡಬ, ಸುಳ್ಯ, ಪುತ್ತೂರು ತಾಲೂಕುಗಳ ಒಂದು ಬೆಂಚಿನಲ್ಲಿ ತುಳು ಮನೆಮಾತಿನ ಮಗು ಕೂರುತ್ತದೆ. ಅದರ ಪಕ್ಕ ಅರೆಭಾಷೆಯದ್ದು, ಬ್ಯಾರಿ ಭಾಷೆಯದ್ದು, ಹವ್ಯಕ ಕನ್ನಡದ್ದು, ಮಲಯಾಳದ್ದು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿದವರ ಮೊಮ್ಮಕ್ಕಳಿಗೆ ತಮಿಳು. ಇವರೆಲ್ಲರ ಹೊಟ್ಟೆಯಲ್ಲಿ ಪ್ರಶ್ನೆ ಹುಟ್ಟುವುದು ‘ದಾಯೆ?’ ಎಂದೋ ‘ಎಂದಿನ್?’ ಎಂದೋ ‘ಎಂತಕ್ಕೆ?’ ಎಂದೋ. ಅದನ್ನು ಪುಸ್ತಕದ ಕನ್ನಡದ ‘ಏಕೆ?’ಗೆ, ಈಗೀಗ ಇಂಗ್ಲಿಷಿನ ‘ವೈ?’ಗೆ ಒಗ್ಗಿಸಿ, ವ್ಯಾಕರಣ ಸರಿಮಾಡಿಕೊಂಡು, ನಗುವವರ ನಡುವೆ ಎದ್ದು ನಿಂತು ಹೇಳುವಷ್ಟರಲ್ಲಿ ಪಾಠ ಮುಂದಿನ ಪುಟಕ್ಕೆ ಹೋಗಿರುತ್ತದೆ. ಈ ದೇಶದ ಶಿಕ್ಷಣ ನೀತಿ 2020ರಲ್ಲಿ ಹೊಸ ಬಗೆಯ ಸಮಗ್ರ ಪ್ರಗತಿ ಪತ್ರದ ಮಾತಾಡಿದೆ. ಅಂಕದಾಚೆಗೆ ಮಗುವನ್ನು ಕಾಣಬೇಕೆಂಬ ಅದರ ಆಸೆ ಒಳ್ಳೆಯದೇ. ಆದರೆ ಕುತೂಹಲ ಎಂಬ ಒಂದು ಕಲಂ ಹಾಕಿ ಅದರೆದುರು ಗುರುತು ಹಾಕುವುದಾದರೆ, ಆ ಗುರುತು ಮಗುವಿಗೆ ಎಷ್ಟು ಸಲ್ಲುತ್ತದೋ ಆ ಕೊಠಡಿಗೂ ಅಷ್ಟೇ ಸಲ್ಲುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆಯಲ್ಲಿ 26, ಶಾಲೆಯಲ್ಲಿ ಎರಡು ಬಂದರೆ ನಡುವಿನ 24ಕ್ಕೆ ಉತ್ತರ ಕೊಡಬೇಕಾದದ್ದು ನಾವು ದೊಡ್ಡವರು.

ಕೊಠಡಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ಅದರ ಹೆಸರು ‘ಬಾಲವನದಲ್ಲಿ ಕಾರಂತಜ್ಜ’.

1983ರಲ್ಲಿ ಮಣಿಪಾಲದಿಂದ ‘ತರಂಗ’ ವಾರಪತ್ರಿಕೆ ಶುರುವಾಯಿತು. ಅದರಲ್ಲಿ ಮಕ್ಕಳು ಪ್ರಶ್ನೆ ಬರೆದು ಕಳಿಸುವುದು, ಶಿವರಾಮ ಕಾರಂತರು ಉತ್ತರಿಸುವುದು ಎಂಬ ಅಂಕಣ ಬರುತ್ತಿತ್ತು. 1902ರಲ್ಲಿ ಹುಟ್ಟಿದ ಕಾರಂತರಿಗೆ ಆಗ ಎಂಬತ್ತು ದಾಟಿತ್ತು. ಜ್ಞಾನಪೀಠ ಬಂದಾಗಿತ್ತು. ಪುತ್ತೂರು ಬಿಟ್ಟು ಸಾಲಿಗ್ರಾಮದಲ್ಲಿ ನೆಲೆಸಿದ್ದರು. ಬಾಲವನ ಮಾತ್ರ ಅಂಕಣದ ಹೆಸರಾಗಿ ಉಳಿದಿತ್ತು. ಆ ಹೆಸರು ಸುಮ್ಮನೆ ಬಂದದ್ದಲ್ಲ. 1930ರ ದಶಕದಲ್ಲಿ ಅವರು ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನ ಕಟ್ಟಿ ಮಕ್ಕಳ ಕಲಿಕೆಯ ಪ್ರಯೋಗಕ್ಕೆ ಇಳಿದಿದ್ದರು. ಆಟ, ಹಾಡು, ಕುಣಿತ, ಸುತ್ತಲಿನ ಗಿಡಮರ ಎಲ್ಲವೂ ಪಾಠವಾಗಬೇಕು ಎಂಬುದು ಅವರ ಹಂಬಲ. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಕನ್ನಡದ ಮಕ್ಕಳಿಗಾಗಿ ಒಬ್ಬನೇ ಮನುಷ್ಯ ಕೂತು ಬರೆದ ವಿಶ್ವಕೋಶ ಅದು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಕಾಲೇಜು ಅರ್ಧಕ್ಕೆ ಬಿಟ್ಟು ಅಸಹಕಾರ ಚಳವಳಿಗೆ ಧುಮುಕಿದ ಮನುಷ್ಯ ನಕ್ಷತ್ರ, ಬಂಡೆ, ಜೀವಿಗಳ ಬಗ್ಗೆ ತಾನೇ ಓದಿಕೊಂಡು ಬರೆದದ್ದು.

ಅಂಕಣದ ಕಾಲಕ್ಕೆ ನಾನು ಪ್ರೌಢಶಾಲೆಯ ಹುಡುಗ. ನಮ್ಮಲ್ಲಿಗೆ ತರಂಗ ಬರುತ್ತಿದ್ದದ್ದು ಅಂಗಡಿಯವರ ಮನೆಗೆ. ಅವರು ಓದಿ ಮುಗಿಸಿದ ಮೇಲೆ ನಮ್ಮ ಸರದಿ. ನಾವು ಹುಡುಗರು ಮೊದಲು ತೆರೆಯುತ್ತಿದ್ದದ್ದು ಆ ಪುಟವನ್ನೇ. ಕಾರಣ ಬಹಳ ಸರಳ. ಅಲ್ಲಿ ನಮ್ಮಂಥದೇ ಯಾವುದೋ ಹಳ್ಳಿಯ ಮಗುವಿನ ಪ್ರಶ್ನೆ ಅಚ್ಚಾಗಿರುತ್ತಿತ್ತು, ಊರಿನ ಹೆಸರಿನೊಂದಿಗೆ. ಕೇಳಿದ್ದು ದಡ್ಡ ಪ್ರಶ್ನೆ ಎಂದು ನಗುವವರು ಅಲ್ಲಿರಲಿಲ್ಲ. ಕೈ ಎತ್ತಬೇಕಿರಲಿಲ್ಲ. 15 ಪೈಸೆಯ ಒಂದು ಕಾರ್ಡು ಸಾಕಿತ್ತು. ಅದಕ್ಕೊಬ್ಬ ಅಜ್ಜ, ನಾಡೆಲ್ಲ ಹೆದರುವ ನಿಷ್ಠುರಿ, ತಲೆಬಾಗಿ ಉತ್ತರಿಸುತ್ತಿದ್ದ.

ಎಂಟನೆಯ ತರಗತಿಯಲ್ಲಿ ನಾನು ತೋಟಕ್ಕೆ ಬಿಡುವ ಮದ್ದಿನ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೆ. ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಬಂತೇ ಎಂದು ನೋಡಲು ಅಪ್ಪ ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆಯುತ್ತಿದ್ದರು. ಅಲಗು ಕೆಂಪಗಾದರೆ ಸುಣ್ಣ ಸಾಲದು. ಆ ಕೆಂಪು ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ. ತರಗತಿಯಲ್ಲಿ ಸಿಕ್ಕ ಉತ್ತರ, ‘ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ.’ ಕತ್ತಿಯ ಮೇಲೆ ಕೂತದ್ದು ತಾಮ್ರ. ದ್ರಾವಣದಲ್ಲಿ ಸುಣ್ಣಕ್ಕೆ ಸಿಗದೆ ಉಳಿದ ತಾಮ್ರದ ಜಾಗವನ್ನು ಕಬ್ಬಿಣ ಹಿಡಿದು ಅದನ್ನು ಹೊರಹಾಕುತ್ತದೆ. ಇದು ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಪರೀಕ್ಷೆಗೆ ಬರುವ ಪಾಠವೇ ಎಂದು ಎರಡು ವರ್ಷದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ನಾನು ಕೈ ಎತ್ತುವುದನ್ನು ಬಿಟ್ಟಿದ್ದೆ. ಕಾರಂತಜ್ಜನಿಗೆ ಕಾರ್ಡು ಬರೆದೆ, ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ. ಇಂದಿಗೂ ಅದಕ್ಕಾಗಿ ನನಗೆ ಬೇಸರವಿದೆ.

ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ ಮೂರು ದಶಕ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದವರು ಹೀಗೆ ಬರೆದು ಪ್ರಶ್ನೆ ಕೇಳುವ ದಾರಿಯನ್ನು ಶಾಲೆಗೇ ತಂದರು. ‘ಸವಾಲಿರಾಮ’ ಎಂಬ ಕಲ್ಪನೆಯ ಗೆಳೆಯನೊಬ್ಬನನ್ನು ಸೃಷ್ಟಿಸಿ, ಮಕ್ಕಳು ತಮ್ಮ ಪ್ರಶ್ನೆಯನ್ನು ಅವನಿಗೆ ಕಾಗದದಲ್ಲಿ ಬರೆಯುವಂತೆ ಮಾಡಿದರು. ಉತ್ತರ ಬರುತ್ತಿತ್ತು. ಕರ್ನಾಟಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತು ಆಮೇಲೆ ರಾಜ್ಯವೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕೆಯ ಕ್ರಮವೂ ಮಕ್ಕಳನ್ನು ಸಾಲುಬೆಂಚಿನಿಂದ ಇಳಿಸಿ ನೆಲದ ಮೇಲೆ ಗುಂಪಾಗಿ ಕೂರಿಸಿತು. ನೆಲದಲ್ಲಿ ಕೂತ ಗುಂಪಿನಲ್ಲಿ ಪಿಸುಗುಟ್ಟಿ ಕೇಳಲು ಜಾಗವಿರುತ್ತದೆ. ಅದೂ ದೊಡ್ಡದೇ.

ಪ್ರಶ್ನೆ ಸಾಯುವುದು ಬೈಗುಳದಿಂದ ಮಾತ್ರವಲ್ಲ, ಪೂರ್ಣವಿರಾಮದಂಥ ಉತ್ತರದಿಂದಲೂ ಸಾಯುತ್ತದೆ. ಎಲಿಜಬೆತ್ ಬೊನಾವಿಟ್ಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳ ಮುಂದೆ ಒಂದು ಆಟಿಕೆ ಇಟ್ಟರು. ಅದರಲ್ಲಿ ನಾಲ್ಕು ಗುಟ್ಟುಗಳಿದ್ದವು. ಕೆಲವು ಮಕ್ಕಳಿಗೆ ‘ಇದು ಹೀಗೆ ಕೆಲಸ ಮಾಡುತ್ತದೆ ನೋಡು’ ಎಂದು ಒಂದೇ ಗುಟ್ಟನ್ನು ಪಾಠದಂತೆ ತೋರಿಸಿಕೊಟ್ಟರು. ಅವರು ಅದನ್ನೇ ಮತ್ತೆ ಮತ್ತೆ ಮಾಡಿ ಆಟಿಕೆ ಕೆಳಗಿಟ್ಟರು. ಹಾಗೆ ಪಾಠ ಹೇಳಿಸಿಕೊಳ್ಳದ ಮಕ್ಕಳು ಹೆಚ್ಚು ಹೊತ್ತು ತಡಕಾಡಿ ಉಳಿದ ಗುಟ್ಟುಗಳನ್ನೂ ಪತ್ತೆಮಾಡಿದರು. ‘ಏಸಿಡ್ ಹಾಕಿದ್ದಕ್ಕೆ’ ಎಂಬ ನನ್ನ ಮಾತು ನೆನಪಾಗಿ ನಾಚಿಕೆಯಾಯಿತು. ಗೊತ್ತಿರುವವನ ಗತ್ತಿನಲ್ಲಿ ನಾನು ಬಾಗಿಲು ಹಾಕಿದ್ದೆ. ಅವಳು ಅಡುಗೆಮನೆಯ ಹಿಂಬಾಗಿಲಿನಿಂದ ಲಿಂಬೆಹಣ್ಣು ಹಿಡಿದು ಒಳಗೆ ಬಂದಳು.

ಹಾಗಾಗಿ ಅವಳಮ್ಮನಿಗೆ ನಾನು ಹೇಳಿದ್ದು ಇಷ್ಟು: ಷರಾ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ, ಮನೆಯಲ್ಲಿ ಒಂದು ಹಳೆಯ ಡೈರಿ ಇಡಿ. ಅವಳು ಯಾವ ಭಾಷೆಯಲ್ಲಿ ಕೇಳಿದರೂ ಆ ಭಾಷೆಯಲ್ಲೇ ಪ್ರಶ್ನೆ ಬರೆಯಿರಿ. ಮರುದಿನವೂ ಅದನ್ನೇ ಕೇಳಿದರೆ ಪಕ್ಕದಲ್ಲೊಂದು ಗೀಟು ಹಾಕಿ. ಎಷ್ಟು ಪ್ರಶ್ನೆ ಎಂಬುದಕ್ಕಿಂತ ಒಂದು ಪ್ರಶ್ನೆ ಎಷ್ಟು ದಿನ ಬದುಕಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಶಾಲೆಯ ಟೀಚರಿಗೂ ಈ ಡೈರಿ ತೋರಿಸಬಹುದು. ಐವತ್ತು ಮಕ್ಕಳ ದಾಖಲೆ, ಬಿಸಿಯೂಟದ ಲೆಕ್ಕ, ತರಬೇತಿ ಎಂದು ಓಡಾಡುವವರು ಅವರು. ಅವರ ಕಣ್ಣಿಗೆ ಬೀಳದ್ದನ್ನು ನಾವು ಕೊಡಬೇಕು.

ಮರುವಾರ ಅವಳಿಗೆ ಏಸಿಡ್ಡಿನ ಇನ್ನೊಂದು ಸಂಗತಿ ಹೇಳಿದೆ, ಈ ಸಲ ಬಾಗಿಲು ತೆರೆದಿಟ್ಟೇ. ನಾವು ಡಿಶ್ಶಿಗೆ ಹಾಕುವುದು ಫಾರ್ಮಿಕ್ ಏಸಿಡ್. ಆ ಹೆಸರು ಬಂದದ್ದು ಇರುವೆಗೆ ಲ್ಯಾಟಿನ್ನಿನಲ್ಲಿರುವ ಹೆಸರಿನಿಂದ. ಮುನ್ನೂರೈವತ್ತು ವರ್ಷಗಳ ಹಿಂದೆ ಜಾನ್ ರೇ ಎಂಬ ಇಂಗ್ಲಿಷ್ ವಿದ್ವಾಂಸ ಇರುವೆಗಳನ್ನೇ ಭಟ್ಟಿಯಿಳಿಸಿ ಅದನ್ನು ಪಡೆದಿದ್ದ. ಗೇರು, ಮಾವಿನ ಎಲೆ ಹೊಲಿದು ಗೂಡು ಕಟ್ಟುವ ಚಿಗಳಿ ಮೈಗೆ ಹತ್ತಿದಾಗ ಉರಿಯುತ್ತದಲ್ಲ, ಅದರಲ್ಲಿರುವುದೂ ಇದೇ ಏಸಿಡ್.

ಅವಳು ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳೇ ಶೆಡ್ಡಿನ ಜಗಲಿಯಲ್ಲಿ ಎರಡು ಗೆರಟೆ ಇಟ್ಟಳು. ಎರಡಕ್ಕೂ ಒಂದೊಂದು ಲೋಟ ರಬ್ಬರ್ ಹಾಲು. ಕೈತುಂಬ ಕಚ್ಚಿಸಿಕೊಂಡು ತಂದ ಚಿಗಳಿಗಳನ್ನು ಒಂದಕ್ಕೆ ಹಾಕಿದಳು. ಇನ್ನೊಂದನ್ನು ಹಾಗೇ ಬಿಟ್ಟಳು. ಅದು ಎಂತಕ್ಕೆ ಎಂದು ಈ ಸಲ ಕೇಳಿದವನು ನಾನು. “ಚಿಗಳಿ ಇಲ್ಲದಿದ್ದರೆ ಎಂತ ಆಗ್ತದೆ ಅಂತ ಗೊತ್ತಾಗಬೇಡ್ವಾ?” ಎಂದಳು. ಹೋಲಿಸಿ ನೋಡಲು ಇನ್ನೊಂದನ್ನು ಹಾಗೇ ಇಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಎರಡೂ ಗೆರಟೆಗಳಲ್ಲಿ ಹಾಲು ಗಟ್ಟಿಯಾಗಿತ್ತು. ಅವಳು ಬೆರಳಿನಿಂದ ಒತ್ತಿ ನೋಡಿದಳು. ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಜಗಲಿಯ ಮೆಟ್ಟಿಲಲ್ಲಿ ಕೂತು ಕಾಲು ಆಡಿಸಿದಳು.

“ಎರಡೂ ಆಯ್ತಲ್ಲ ಮಾಮ.”

“ಹೌದು.”

“ಆದರೆ ಯಾವುದು ಮೊದಲು ಆಯ್ತು ಅಂತ ನಾವು ನೋಡ್ಲೇ ಇಲ್ಲ. ನಾವು ಮಲಗಿದ್ದೆವು.” ಎದ್ದು ನಿಂತಳು. “ನಾಳೆ ಹಾಲು ಎತ್ತುವಾಗ ಕರೀರಿ. ಮತ್ತೆ ನಿಮ್ಮ ವಾಚು ಒಮ್ಮೆ ಕೊಡಿ.”